‘ಬಾಕ್ಸಿಗೆ ಎಷ್ಟು?’: ಕೋಲಾರದ ಕನ್ನಡದಲ್ಲಿ ಒಂದು ಇಂಗ್ಲಿಷ್ ಪದ

(ಕೋಲಾರದಲ್ಲಿ ಅಧ್ಯಾಪಕರು, ವಿದ್ಯಾರ್ಥಿಗಳು ಹಾಗೂ ರೈತರು ಸೇರಿದ್ದ ಸಭೆಯಲ್ಲಿ ನೀಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ಈ ಹೊತ್ತಿನ ನನ್ನ ಮಾತೆಲ್ಲ ‘ಬಾಕ್ಸ್’ ಎಂಬ ಒಂದೇ ಪದವನ್ನು ಕುರಿತದ್ದು. ಇಂಗ್ಲಿಷ್ ಕಲಿಯಲು ಕುಳಿತ ಮಗುವಿಗೆ ಮೊದಲ ವರ್ಷವೇ ಪರಿಚಯವಾಗುವ, ಇಂಗ್ಲಿಷಿನ ಒಂದಕ್ಷರ ಬಾರದವರೂ ನಮ್ಮ ಮನೆಗಳಲ್ಲಿ ದಿನಕ್ಕೆ ಹತ್ತಾರು ಸಲ ಆಡುವ ಪದವಿದು. ಇದರ ಅರ್ಥವನ್ನು ಕೇಳಿದರೆ ‘ಪೆಟ್ಟಿಗೆ’ ಎಂದು ಯಾರಾದರೂ ಹೇಳುತ್ತಾರೆ, ಶಾಲೆಯ ಪುಸ್ತಕಗಳಲ್ಲಿಯೂ ಹಾಗೆಯೇ ಇದೆ. ಆದರೆ ಬೆಳಗಿನ ಜಾವ ನಮ್ಮ ಕೃಷಿ ಮಾರುಕಟ್ಟೆಯ ಅಂಗಳದಲ್ಲಿ ನಿಂತು, ‘ಈವತ್ತು ಬಾಕ್ಸಿಗೆ ಎಷ್ಟು?’ ಎಂದು ಒಬ್ಬ ರೈತ ಇನ್ನೊಬ್ಬನನ್ನು ಕೇಳುವುದನ್ನು ಕಿವಿಗೊಟ್ಟು ಆಲಿಸಿ. ಅಲ್ಲಿ ಯಾರೂ ಪೆಟ್ಟಿಗೆಯ ಬೆಲೆ ಕೇಳುತ್ತಿಲ್ಲ. ಟೊಮೆಟೊ ಬೆಳೆದವನಿಗೆ ಬಾಕ್ಸ್ ಒಂದು ಅಳತೆ. ಹಿಂದೆ ಕೊಳಗವೂ ಸೇರೂ ಹೇಗೆ ಅಳತೆಗಳಾಗಿದ್ದವೋ ಹಾಗೆ. ಪಾತ್ರೆಯ ಹೆಸರು ಅಳತೆಯ ಹೆಸರಾಗುವುದು ಭಾಷೆಯಲ್ಲಿ ಹೇಗೆ ನಡೆಯುತ್ತದೆ, ಅದು ಅಳತೆಯಾಗಿ ನೆಲೆ ನಿಲ್ಲಬೇಕಾದರೆ ಭಾಷೆಯ ಹೊರಗೆ ಏನೇನು ಆಗಬೇಕು ಎಂಬುದನ್ನು ನಿಮ್ಮ ಮುಂದಿಡಲು ಬಂದಿದ್ದೇನೆ.

ಮೊದಲು ಮನೆಯಿಂದ ಹೊರಡೋಣ. ಟಿಫನ್ ಬಾಕ್ಸ್, ಜಾಮೆಟ್ರಿ ಬಾಕ್ಸ್, ಸ್ವೀಟ್ ಬಾಕ್ಸ್, ಮೀಟರ್ ಬಾಕ್ಸ್, ಪಂಪುಸೆಟ್ಟಿನ ಸ್ಟಾರ್ಟರ್ ಬಾಕ್ಸ್ ಇವೆಲ್ಲ ನಮ್ಮ ಮಾತಿನಲ್ಲಿ ಇರುವ ಬಾಕ್ಸುಗಳು. ಇವು ಬರುವುದಕ್ಕೆ ಮುಂಚೆ ಕನ್ನಡದಲ್ಲಿ ಪಾತ್ರೆಗಳಿಗೆ ಪದಗಳ ಬರವೇನೂ ಇರಲಿಲ್ಲ. ಬಟ್ಟೆಬರೆ ಇಡುವುದು ಪೆಟ್ಟಿಗೆ, ಇಷ್ಟಲಿಂಗವನ್ನು ಇಡುವುದು ಕರಡಿಗೆ, ಕುಂಕುಮಕ್ಕೂ ಉಪ್ಪಿನಕಾಯಿಗೂ ಭರಣಿ, ಕಾಗದದಲ್ಲಿ ಕಟ್ಟಿದರೆ ಪೊಟ್ಟಣ, ಬಿದಿರಿನಲ್ಲಿ ಹೆಣೆದರೆ ಬುಟ್ಟಿ, ಹೆಡಿಗೆ, ಮಂಕರಿ. ರಾಗಿಯನ್ನು ನೆಲದೊಳಗೆ ಇಟ್ಟರೆ ಅದು ಹಗೇವು, ನೆಲದ ಮೇಲೆ ಇಟ್ಟರೆ ಕಣಜ ಅಥವಾ ಗುಡಾಣ. ಹಿಂದೂಸ್ತಾನಿಯಿಂದ ಬಂದ ಡಬ್ಬಿ ಈ ಸಾಲಿಗೆ ತಡವಾಗಿ ಸೇರಿ, ತಗಡಿನ ಪಾತ್ರೆಗಳನ್ನೆಲ್ಲ ತನ್ನದಾಗಿಸಿಕೊಂಡಿತು. ಈ ಪದಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಸಂಗತಿ ಕಾಣುತ್ತದೆ: ನಮ್ಮ ಹಳೆಯ ಪಾತ್ರೆಗಳ ಹೆಸರು ಅದರೊಳಗೆ ಏನಿದೆ, ಅದನ್ನು ಯಾವುದರಿಂದ ಮಾಡಿದೆ ಎಂಬುದನ್ನು ಜೊತೆಯಲ್ಲಿಯೇ ಹೇಳುತ್ತದೆ. ಕರಡಿಗೆಯಲ್ಲಿ ರಾಗಿ ಇಡುವವರಿಲ್ಲ, ಹಗೇವಿನಲ್ಲಿ ಒಡವೆ ಇಡುವವರಿಲ್ಲ. ಬಾಕ್ಸ್‌ಗೆ ಅಂಥ ಕಟ್ಟುಪಾಡಿಲ್ಲ. ಮರ, ತಗಡು, ರಟ್ಟು, ಪ್ಲಾಸ್ಟಿಕ್ ಯಾವುದಾದರೂ ಆದೀತು, ಒಳಗೆ ಏನಿದ್ದರೂ ಆದೀತು. ಯಾವ ಅಂಟೂ ಇಲ್ಲದ ಇಂಥ ಪದ ಹೊಸ ಹೊಸ ವಸ್ತುಗಳಿಗೆ ಹೊಂದಿಕೊಳ್ಳುವುದು ಸುಲಭ.

ಬರಹದ ಕನ್ನಡ ಮಾತ್ರ ಬೇರೆ ದಾರಿ ಹಿಡಿಯಿತು ಎಂಬುದನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ನಮ್ಮ ಪತ್ರಿಕೆಗಳೂ ಅನುವಾದಕರೂ ಇಂಗ್ಲಿಷಿನ ಬಾಕ್ಸ್ ಕಂಡಲ್ಲೆಲ್ಲ ಪೆಟ್ಟಿಗೆಯನ್ನು ಇಟ್ಟರು: ಅಂಚೆ ಪೆಟ್ಟಿಗೆ, ಮತಪೆಟ್ಟಿಗೆ, ಧ್ವನಿಪೆಟ್ಟಿಗೆ, ವಿಮಾನದ ಕಪ್ಪು ಪೆಟ್ಟಿಗೆ. ಸಿನಿಮಾದ ಗಳಿಕೆಯನ್ನು ಹೇಳಲು ಗಲ್ಲಾಪೆಟ್ಟಿಗೆಯನ್ನು ಆರಿಸಿದವರ ಕಿವಿ ಬಹಳ ಚುರುಕಾದದ್ದು. ಅಂಗಡಿಯ ಸಾಹುಕಾರನ ಮುಂದಿದ್ದ ಹಳೆಯ ಪೆಟ್ಟಿಗೆಯೇ ಚಿತ್ರಮಂದಿರದ ಟಿಕೆಟ್ ಕಿಂಡಿಗೂ ಸಲ್ಲುವಂತೆ ಅವರು ಮಾಡಿದರು. ನ್ಯಾಯಾಲಯದಲ್ಲಿ ಸಾಕ್ಷಿ ನಿಲ್ಲುವ ಜಾಗವನ್ನು ಇಂಗ್ಲಿಷಿನವರು ಬಾಕ್ಸ್ ಎನ್ನುತ್ತಾರೆ. ಕನ್ನಡಿಗರು ಅಲ್ಲಿ ಪೆಟ್ಟಿಗೆಯನ್ನು ಕಾಣದೆ ಮರದ ಕಂಬಿಗಳನ್ನು ಕಂಡರು, ಆದ್ದರಿಂದ ಅದು ಕಟಕಟೆಯಾಯಿತು. ಮತಪೆಟ್ಟಿಗೆಯ ವಿಷಯದಲ್ಲಿ ಒಂದು ಮಾತು ಸೇರಿಸಬೇಕು. 1951–52ರ ಮೊದಲ ಮಹಾಚುನಾವಣೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಒಂದೊಂದು ಪ್ರತ್ಯೇಕ ಪೆಟ್ಟಿಗೆ ಇತ್ತು. ಮತದಾರರು ಚೀಟಿಯ ಮೇಲೆ ಯಾವ ಗುರುತನ್ನೂ ಹಾಕುತ್ತಿರಲಿಲ್ಲ, ತಮಗೆ ಬೇಕಾದ ಚಿಹ್ನೆ ಅಂಟಿಸಿದ ಪೆಟ್ಟಿಗೆಯೊಳಗೆ ಚೀಟಿಯನ್ನು ಬಿಡುತ್ತಿದ್ದರು, ಅಷ್ಟೆ. ಓದು ಬಾರದ ಕೋಟ್ಯಂತರ ಜನ ಮತ ಹಾಕಲು ಸಾಧ್ಯವಾದದ್ದು ಪೆಟ್ಟಿಗೆಯನ್ನೇ ಗುರುತಾಗಿ ಮಾಡಿದ್ದರಿಂದ. ಚೀಟಿಯ ಮೇಲೆ ಮುದ್ರೆ ಒತ್ತುವ ಪದ್ಧತಿ 1962ರ ಮಹಾಚುನಾವಣೆಯ ಹೊತ್ತಿಗೆ ರೂಢಿಗೆ ಬಂತು. ಈಗ ಮತಯಂತ್ರ ಬಂದಿದ್ದರೂ ‘ಮತಪೆಟ್ಟಿಗೆಯಲ್ಲಿ ಭದ್ರ’ ಎಂಬ ಮಾತನ್ನು ಪತ್ರಿಕೆಗಳು ಬಿಟ್ಟುಕೊಟ್ಟಿಲ್ಲ.

ಇನ್ನು ಪದದ ಹುಟ್ಟಿಗೆ ಬರುತ್ತೇನೆ. ಬಾಕ್ಸ್ ಮೂಲತಃ ಒಂದು ಗಿಡದ ಹೆಸರು. ಲ್ಯಾಟಿನ್ನಿನಲ್ಲಿ ಬಕ್ಸಸ್, ಗ್ರೀಕಿನಲ್ಲಿ ಪಿಕ್ಸೋಸ್ ಎಂದು ಕರೆಯುತ್ತಿದ್ದ ಆ ಗಿಡದ ಮರ ಹಳದಿ ಬಣ್ಣದ್ದು, ನಯವಾದ ಎಳೆಯದ್ದು, ಬಹಳ ಗಟ್ಟಿಯಾದದ್ದು. ಅದೇ ಜಾತಿಗೆ ಸೇರಿದ ಗಿಡ ನಮ್ಮ ಹಿಮಾಲಯದಲ್ಲಿಯೂ ಬೆಳೆಯುತ್ತದೆ; ಜಮ್ಮು ಸೀಮೆಯ ರಾಜೌರಿ ಕಡೆಯ ಕುಶಲಕರ್ಮಿಗಳು ಅದನ್ನು ಚಿಕ್ರಿ ಎಂದು ಕರೆದು, ಅದರಲ್ಲಿ ಬಾಚಣಿಗೆ, ಚಮಚಗಳನ್ನು ಕೆತ್ತುತ್ತಾರೆ. ಗ್ರೀಕರು ಆ ಮರದಲ್ಲಿ ಮುಚ್ಚಳವಿರುವ ಪುಟ್ಟ ದುಂಡು ಪಾತ್ರೆಗಳನ್ನು ಕಡೆದು, ಮುಲಾಮು, ಸುಗಂಧ, ಒಡವೆಗಳನ್ನು ಇಡುತ್ತಿದ್ದರು; ಅದಕ್ಕೆ ಪಿಕ್ಸಿಸ್ ಎಂದು ಹೆಸರು. ನಮ್ಮ ಕುಂಕುಮದ ಭರಣಿಯ ಹತ್ತಿರದ ನೆಂಟನೆನ್ನಬಹುದಾದ ವಸ್ತು. ಮುಂದೆ ಅವರೇ ಅದನ್ನು ಮಣ್ಣಿನಲ್ಲಿ ಮಾಡಿ ಸುಟ್ಟರು, ದಂತದಲ್ಲಿ ಕೆತ್ತಿದರು. ಮರ ಹೋದರೂ ಮರದ ಹೆಸರು ಉಳಿಯಿತು. ಲ್ಯಾಟಿನ್ನಿನ ಮೂಲಕ ಅದು ಇಂಗ್ಲಿಷಿಗೆ ಬಂದು ಸಾವಿರ ವರ್ಷಕ್ಕೂ ಮಿಗಿಲಾಯಿತು. ಫ್ರೆಂಚರ ಬ್ವಾತ್, ಜರ್ಮನರ ಬ್ಯುಕ್ಸೆ ಇವೆಲ್ಲ ಅದೇ ಬೇರಿನ ಕುಡಿಗಳು. ದಿಕ್ಸೂಚಿಯನ್ನು ಪುಟ್ಟ ಪೆಟ್ಟಿಗೆಯಲ್ಲಿ ಇಡುತ್ತಿದ್ದುದರಿಂದ ಇಟಲಿಯವರು ಅದನ್ನು ಬುಸ್ಸೊಲಾ ಎಂದರು, ಅದರ ಮೂಲವೂ ಇದೇ. ಮುಷ್ಟಿಯುದ್ಧದ ಬಾಕ್ಸಿಂಗ್‌ನ ಕಥೆ ಬೇರೆ, ಅದನ್ನು ಇಲ್ಲಿ ಬಿಡುತ್ತೇನೆ.

ಕ್ರೇಟ್ ಎಂಬ ಇನ್ನೊಂದು ಪದವನ್ನು ಮಾತ್ರ ಬಿಡುವಂತಿಲ್ಲ, ಏಕೆಂದರೆ ನಮ್ಮ ಮಾರುಕಟ್ಟೆಯಲ್ಲಿ ಅದು ಬಾಕ್ಸಿನ ಜೊತೆಯಲ್ಲೇ ಓಡಾಡುತ್ತದೆ. ಅದರ ಮೂಲದಲ್ಲಿ ಇರುವುದು ಹೆಣೆದ ತಟ್ಟಿ, ಹೆಣೆದ ಬುಟ್ಟಿ. ಒಂದು ಕೆತ್ತಿದ್ದು, ಇನ್ನೊಂದು ಹೆಣೆದದ್ದು. ಈಗ ನಾವು ಟೊಮೆಟೊ ತುಂಬುವ, ಸುತ್ತಲೂ ಗಾಳಿಯಾಡಲು ಕಿಂಡಿಗಳಿರುವ, ಒಂದರ ಮೇಲೊಂದು ಪೇರಿಸಬಹುದಾದ ಪ್ಲಾಸ್ಟಿಕ್ ಪಾತ್ರೆ ನೋಟಕ್ಕೆ ಕ್ರೇಟೇ ಹೌದು. ಆದರೂ ಅದನ್ನು ತುಂಬಿ ಸಾಲಿನಲ್ಲಿ ಇಟ್ಟ ಕೂಡಲೇ ಬಾಕ್ಸ್ ಎಂದು ಕರೆಯುತ್ತೇವೆ. ಖಾಲಿ ಪಾತ್ರೆಗಳನ್ನು ಮಂಡಿಯಿಂದ ತೋಟಕ್ಕೆ ಒಯ್ಯುವವರ ಬಾಯಲ್ಲಿ ‘ಕ್ರೇಟು’ ಹೆಚ್ಚು ಕೇಳಿಸುತ್ತದೆ, ಹರಾಜಿನ ಹೊತ್ತಿಗೆ ಆ ಪದ ಕೇಳಿಸುವುದು ಅಪರೂಪ. ಮಾತಿನಲ್ಲಿ ವಸ್ತುವೂ ಅಳತೆಯೂ ಬೇರೆಬೇರೆಯಾಗುತ್ತಿರುವುದಕ್ಕೆ ಇದು ಮೊದಲ ಸುಳಿವು.

ಎರಡನೆಯ ಸುಳಿವು ವ್ಯಾಕರಣದಲ್ಲಿದೆ. ವಿದ್ಯಾರ್ಥಿಗಳು ದಯವಿಟ್ಟು ಇದನ್ನು ಗಮನವಿಟ್ಟು ಕೇಳಬೇಕು, ಏಕೆಂದರೆ ಪದವೊಂದು ಅಳತೆಯಾಗಿದೆಯೇ ಇಲ್ಲವೇ ಎಂಬುದನ್ನು ಕನ್ನಡವೇ ನಮಗೆ ಪರೀಕ್ಷಿಸಿ ಕೊಡುತ್ತದೆ. ‘ಹತ್ತು ಸೇರು ಅಕ್ಕಿ’ ಎನ್ನುತ್ತೇವೆ, ‘ಹತ್ತು ಸೇರುಗಳು ಅಕ್ಕಿ’ ಎನ್ನುವುದಿಲ್ಲ. ಅಳತೆಯ ಪದ ತನ್ನ ಮುಂದೆ ಎಷ್ಟು ದೊಡ್ಡ ಸಂಖ್ಯೆ ಬಂದರೂ ‘ಗಳು’ ಪ್ರತ್ಯಯವನ್ನು ಹತ್ತಿರ ಸೇರಿಸುವುದಿಲ್ಲ. ಈಗ ಬಾಕ್ಸನ್ನು ಇಟ್ಟು ನೋಡಿ. ‘ನೂರು ಬಾಕ್ಸುಗಳನ್ನು ತೊಳೆದು ಒಣಗಿಸಿದರು’ ಎಂಬುದು ಸರಿಯಾದ ಕನ್ನಡ. ಅಲ್ಲಿ ಬಾಕ್ಸ್ ವಸ್ತು. ‘ನೂರು ಬಾಕ್ಸುಗಳು ಟೊಮೆಟೊ ಬಂತು’ ಎಂದರೆ ಕಿವಿಗೆ ಚುಚ್ಚುತ್ತದೆ. ‘ನೂರು ಬಾಕ್ಸ್ ಟೊಮೆಟೊ ಬಂತು’ ಎನ್ನಬೇಕು. ಕ್ರಿಯಾಪದವೂ ಇದೇ ಸಾಕ್ಷಿ ಹೇಳುತ್ತದೆ. ‘ನೂರು ಬಾಕ್ಸ್ ಬಂದವು’ ಎಂದರೆ ಖಾಲಿ ಪಾತ್ರೆಗಳು ಬಂದವೆಂದೇ ತೋಟದವರು ತಿಳಿಯುತ್ತಾರೆ. ‘ನೂರು ಬಾಕ್ಸ್ ಬಂತು’ ಎಂದರೆ ಹಣ್ಣು ಬಂತು. ಇನ್ನು ‘ಬಾಕ್ಸಿಗೆ ಎಷ್ಟು?’ ಎಂಬ ಪ್ರಶ್ನೆಯ ಚತುರ್ಥಿ ವಿಭಕ್ತಿಯನ್ನು ನೋಡಿ. ‘ಸೇರಿಗೆ ಎಷ್ಟು’, ‘ಮೊಳಕ್ಕೆ ಎಷ್ಟು’, ‘ಮಾರಿಗೆ ಎಷ್ಟು’ ಎಂದು ಧಾನ್ಯವನ್ನೂ ಹೂವನ್ನೂ ಕೇಳುವ ಕ್ರಮದಲ್ಲಿಯೇ ಅದು ಕುಳಿತಿದೆ. ಅದೇ ಜಾಗದಲ್ಲಿ ಪೆಟ್ಟಿಗೆಯನ್ನು ಇಟ್ಟು ‘ಪೆಟ್ಟಿಗೆಗೆ ಎಷ್ಟು?’ ಎಂದು ಕೇಳಿದರೆ ಮಂಡಿಯವರು ಮರದ ಪೆಟ್ಟಿಗೆ ಮಾರುವ ಅಂಗಡಿಯನ್ನು ತೋರಿಸಬಹುದು. ಕೇವಲ ಎರವಲು ಎಂದು ನಾವು ಭಾವಿಸುವ ಪದ ಇಷ್ಟು ಆಳದ ಕನ್ನಡ ನಿಯಮಗಳಿಗೆ ಒಳಪಟ್ಟಿದೆ. ಯಾವ ಪಂಡಿತರೂ ಕೂತು ಇದನ್ನು ತೀರ್ಮಾನಿಸಿದ್ದಲ್ಲ. ಟೊಮೆಟೊ ಕಿತ್ತು, ಆರಿಸಿ, ತುಂಬಿ, ಟೆಂಪೊಗೆ ಏರಿಸಿದ ಜನರು ಮಾಡಿದ ಕೆಲಸ ಇದು. ಅದಕ್ಕಾಗಿ ನನಗೆ ಅವರ ಮೇಲೆ ದೊಡ್ಡ ಗೌರವ ಇದೆ.

ಪೆಟ್ಟಿಗೆ ಇಲ್ಲಿ ಏಕೆ ಸೋತಿತು, ಬಾಕ್ಸ್ ಏಕೆ ಗೆದ್ದಿತು ಎಂದು ನೀವು ಕೇಳಬಹುದು. ನನ್ನ ಉತ್ತರ ಕೋಲಾರದ ಜನಜೀವನದಲ್ಲಿಯೇ ಇದೆ. ನಮ್ಮದು ಕನ್ನಡ, ತೆಲುಗು, ತಮಿಳು, ಉರ್ದು ನಾಲ್ಕೂ ಒಂದೇ ಬೀದಿಯಲ್ಲಿ ಕೇಳಿಸುವ ಸೀಮೆ. ಗಡಿಯಾಚೆಯ ಆಂಧ್ರದ ಹಳ್ಳಿಗಳಿಂದಲೂ ಇಲ್ಲಿಗೆ ಹಣ್ಣು ಬರುತ್ತದೆ, ಉತ್ತರದ ರಾಜ್ಯಗಳಿಂದ ಖರೀದಿದಾರರು ಬರುತ್ತಾರೆ, ಲಾರಿಗಳು ದೂರದೂರದ ಊರುಗಳಿಗೆ ಹೊರಡುತ್ತವೆ. ಹರಾಜು ಎಂದರೆ ಕ್ಷಣಗಳ ವ್ಯವಹಾರ. ಅಲ್ಲಿ ಎಲ್ಲರ ಬಾಯಲ್ಲೂ ಒಂದೇ ರೀತಿ ನುಡಿಯುವ, ಯಾರ ಮನೆಮಾತಿಗೂ ಸೇರದ, ಎಲ್ಲರಿಗೂ ಅರ್ಥವಾಗುವ ಪದವೊಂದು ಬೇಕಿತ್ತು. ಬಾಕ್ಸ್ ಅದಕ್ಕೆ ಸರಿಹೊಂದಿತು.

ಪಾತ್ರೆ ಅಳತೆಯಾಗುವುದು ನಮ್ಮ ನೆಲಕ್ಕೆ ಹೊಸದಲ್ಲ. ಪಾವು, ಸೇರು, ಬಳ್ಳ, ಕೊಳಗ ಇವೆಲ್ಲ ಕೈಯಲ್ಲಿ ಹಿಡಿಯಬಹುದಾದ ಪಾತ್ರೆಗಳೇ ಆಗಿದ್ದವು. ಇಪ್ಪತ್ತು ಕೊಳಗ ಸೇರಿದರೆ ಒಂದು ಖಂಡುಗ. ಗಂಗರು ತಮ್ಮನ್ನು ಕುವಳಾಲಪುರದ ಒಡೆಯರೆಂದು ಹೇಳಿಕೊಳ್ಳುತ್ತಿದ್ದರು. ಆ ಕುವಳಾಲಪುರ ನಾವು ಕುಳಿತಿರುವ ಈ ಕೋಲಾರವೇ. ಲೂಯಿ ರೈಸ್ ಅವರು 1905ರಲ್ಲಿ ಕೋಲಾರ ಜಿಲ್ಲೆಯ ಶಾಸನಗಳನ್ನು ಎಪಿಗ್ರಾಫಿಯಾ ಕರ್ನಾಟಿಕದ ಹತ್ತನೆಯ ಸಂಪುಟವಾಗಿ ಪ್ರಕಟಿಸಿದರು. ಹಳೆಯ ದಾನಶಾಸನಗಳನ್ನು ಓದುತ್ತಾ ಹೋದರೆ, ಗದ್ದೆಯನ್ನು ಖಂಡುಗದ ಲೆಕ್ಕದಲ್ಲಿ ಬಿಟ್ಟುಕೊಟ್ಟ ಮಾತು ಮತ್ತೆ ಮತ್ತೆ ಎದುರಾಗುತ್ತದೆ. ಒಂದು ಖಂಡುಗ ಬೀಜ ಬಿತ್ತಲು ಬೇಕಾದ ನೆಲವೇ ಒಂದು ಖಂಡುಗ ನೆಲ. ಮೊದಲು ಪಾತ್ರೆ, ಅನಂತರ ಅದರೊಳಗಿನ ಕಾಳಿನ ಪ್ರಮಾಣ, ಕೊನೆಗೆ ಆ ಕಾಳು ಬೇಡುವ ಭೂಮಿ; ಪದ ಮೂರು ಮೆಟ್ಟಿಲು ಹತ್ತಿದೆ. ನಮ್ಮ ರೈತರು ಈಗ ‘ಎಕರೆಗೆ ಎಷ್ಟು ಬಾಕ್ಸ್ ಬಂತು?’ ಎಂದು ಕೇಳಿಕೊಳ್ಳುತ್ತಾರೆ, ತೋಟದ ಗುಣವನ್ನೂ ವರ್ಷದ ಮಳೆಬೆಳೆಯನ್ನೂ ಬಾಕ್ಸಿನಲ್ಲಿ ಹೇಳುತ್ತಾರೆ. ಖಂಡುಗ ಹತ್ತಿದ ಮೆಟ್ಟಿಲನ್ನೇ ಬಾಕ್ಸ್ ಕೂಡ ಹತ್ತತೊಡಗಿದೆ.

ಹಳೆಯ ಅಳತೆಗೆ ಒಂದು ಆಚರಣೆಯ ಬಲವೂ ಇತ್ತು. ಕಣದಲ್ಲಿ ರಾಶಿ ಅಳೆಯುವವರು ಮೊದಲ ಕೊಳಗಕ್ಕೆ ‘ಒಂದು’ ಎನ್ನದೆ ‘ಲಾಭ’ ಎಂದು ಎಣಿಕೆ ತೊಡಗುತ್ತಿದ್ದರು. ಆಮೇಲೆ ಎರಡು, ಮೂರು. ತುಂಬಿದ ಕೊಳಗದ ತಲೆಯನ್ನು ಸಮನಾಗಿ ಸವರುವುದೋ, ಗೋಪುರದಂತೆ ಏರಲು ಬಿಡುವುದೋ ಎಂಬುದು ಕೊಡುವವರಿಗೂ ಕೊಳ್ಳುವವರಿಗೂ ಮೊದಲೇ ಗೊತ್ತಿರುತ್ತಿತ್ತು. ಅಳೆದ ಮೇಲೆ ಕೈಯಾರೆ ಹಾಕುವ ಹಿಡಿಗೆ ಕೊಸರು ಎಂದು ಬೇರೆಯೇ ಹೆಸರಿತ್ತು. ಹೆಸರು ಬೇರೆ ಇದ್ದುದರಿಂದ ಕೊಸರು ಎಂದೂ ಅಳತೆಯೊಳಗೆ ಮುಚ್ಚಿಹೋಗಲಿಲ್ಲ. ಕೊಟ್ಟವನು ಕೊಟ್ಟೆನೆಂದು ತಿಳಿದೇ ಕೊಡುತ್ತಿದ್ದ. ಈ ಒಂದು ಅಂಶವನ್ನು ನೆನಪಿನಲ್ಲಿ ಇಟ್ಟುಕೊಳ್ಳಿ, ಟೊಮೆಟೊ ಬಾಕ್ಸಿಗೆ ಬಂದಾಗ ಬೇಕಾಗುತ್ತದೆ.

ಆದರೂ ಆ ಕಾಲವನ್ನು ಚಿನ್ನದ ಕಾಲವೆಂದು ನಾನು ಹೇಳಲಾರೆ. ಪಕ್ಕಾ ಸೇರು, ಕಚ್ಚಾ ಸೇರು ಎಂಬ ಎರಡು ಮಾತುಗಳೇ ಸೇರಿನೊಳಗಿನ ಗೊಂದಲವನ್ನು ಹೇಳುತ್ತವೆ. 1800–01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ, ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್ ಹೋದ ಹೋದ ಕಡೆ ಅಳತೆಗಳನ್ನು ವಿಚಾರಿಸಿ ಬರೆದುಕೊಂಡ. ಕೊಳಗ, ಖಂಡುಗಗಳ ಹೆಸರು ಒಂದೇ ಇದ್ದರೂ ಪ್ರಮಾಣ ಊರಿಂದೂರಿಗೆ ಬದಲಾಗುತ್ತಿತ್ತು. ಊರೊಳಗೆ ವ್ಯವಹಾರ ನಡೆಯುವವರೆಗೆ ಅದರಿಂದ ತೊಡಕಿಲ್ಲ. ಸರಕು ಊರು ದಾಟಿದ ಕೂಡಲೇ ದೂರದವನು ಕೊಟ್ಟದ್ದೇ ಕೊಳಗ ಎಂದಾಗುತ್ತದೆ. 1956ರಲ್ಲಿ ಕಾಯ್ದೆಯಾಗಿ, 1958ರ ಅಕ್ಟೋಬರ್‌ನಿಂದ ಹಂತಹಂತವಾಗಿ ಮೆಟ್ರಿಕ್ ತೂಕಗಳು ದೇಶದಲ್ಲಿ ಜಾರಿಗೆ ಬಂದದ್ದು ಈ ತೊಡಕನ್ನು ಬಿಡಿಸುವುದಕ್ಕಾಗಿಯೇ. ಸೇರು ಅಂಗಡಿಯಿಂದ ಹೋಯಿತು, ‘ಸೇರಿಗೆ ಸವ್ವಾಸೇರು’ ಎಂಬ ಗಾದೆಯಲ್ಲಿ ಉಳಿಯಿತು.

ಪರದೇಶಗಳಲ್ಲಿಯೂ ಇದೇ ನಡೆದಿದೆ. ಕಚ್ಚಾ ತೈಲದ ಬೆಲೆಯನ್ನು ‘ಬ್ಯಾರೆಲ್‌ಗೆ ಇಷ್ಟು ಡಾಲರ್’ ಎಂದು ಪತ್ರಿಕೆಯಲ್ಲಿ ಓದುತ್ತೀರಿ. ಆ ತೈಲ ಹಡಗಿನ ತೊಟ್ಟಿಯಲ್ಲಿ, ಕೊಳವೆಯಲ್ಲಿ ಹರಿಯುತ್ತದೆ. ಪೀಪಾಯಿಯಲ್ಲಿ ತುಂಬಿ ಸಾಗಿಸುವವರು ಯಾರೂ ಇಲ್ಲ. ಆದರೂ ಬ್ಯಾರೆಲ್ ಎಂದರೆ ಅಮೆರಿಕದ 42 ಗ್ಯಾಲನ್, ಅಂದರೆ ಸುಮಾರು 159 ಲೀಟರ್ ಎಂದು ನಿಗದಿಯಾಗಿರುವುದರಿಂದ ಯಾರಿಗೂ ಸಂಶಯವಿಲ್ಲ. ಟನ್ ಕೂಡ ಹುಟ್ಟಿದ್ದು ದ್ರಾಕ್ಷಾರಸದ ದೊಡ್ಡ ಪೀಪಾಯಿಯ ಹೆಸರಿನಿಂದ. ಪಾತ್ರೆ ಕಣ್ಮರೆಯಾದ ಮೇಲೂ ಅಳತೆ ಬಾಳಬಲ್ಲದು, ಅದರ ಪ್ರಮಾಣ ಬರಹದಲ್ಲಿ ಇದ್ದರೆ. ರೇಷ್ಮೆಯ ವಿಷಯ ತಿಳಿದ ಶಿಡ್ಲಘಟ್ಟದ ಕಡೆಯವರು ಇಲ್ಲಿರುವುದರಿಂದ ಒಂದು ಮಾತನ್ನು ನಡುವೆ ಹೇಳುತ್ತೇನೆ. ನಾವು ‘ನೂರು ಮೊಟ್ಟೆ’ ಎಂದಾಗ ಲೆಕ್ಕ ಹಾಕುವುದು ನೂರು ಚಿಟ್ಟೆಗಳು ಇಟ್ಟ ಮೊಟ್ಟೆಗಳ ಗುಂಪನ್ನು, ಬಿಡಿ ಮೊಟ್ಟೆಗಳನ್ನಲ್ಲ. ರೇಷ್ಮೆ ಸಾಕುವ ಬೇರೆ ಕೆಲವು ದೇಶಗಳಲ್ಲಿ ಇದಕ್ಕೆ ಬದಲಾಗಿ ‘ಬಾಕ್ಸ್’ ಎಂಬ ಅಳತೆಯೇ ಇದೆ. ಒಂದು ಬಾಕ್ಸ್ ಎಂದರೆ ಸಾಮಾನ್ಯವಾಗಿ 20,000 ಮೊಟ್ಟೆ.

ಈಗ ನಮ್ಮ ಟೊಮೆಟೊ ಬಾಕ್ಸಿಗೆ ಬರೋಣ. ಕೋಲಾರದಲ್ಲಿ ಬಾಕ್ಸ್ ಎಂದರೆ 15 ಕೆ.ಜಿ. ಎಂಬುದು ಎಲ್ಲರೂ ಒಪ್ಪಿದ ಮಾತು, ಪತ್ರಿಕೆಗಳೂ ಹಾಗೆಯೇ ಬರೆಯುತ್ತವೆ. 2023ರ ಜುಲೈನಲ್ಲಿ ಬೆಲೆ ಏರಿ ಬಾಕ್ಸಿಗೆ 2,000 ರೂಪಾಯಿ ದಾಟಿದಾಗ ದೇಶವೇ ಕೋಲಾರದ ಕಡೆ ತಿರುಗಿ ನೋಡಿತು. ಆ ಸುದ್ದಿಯನ್ನು ದೂರದ ಊರಿನಲ್ಲಿ ಓದಿದವನಿಗೆ 15 ಎಂಬ ಸಂಖ್ಯೆ ಗೊತ್ತಿಲ್ಲದಿದ್ದರೆ, ಕೆ.ಜಿ.ಗೆ ಸುಮಾರು 133 ರೂಪಾಯಿ ಎಂಬುದನ್ನು ಅವನು ಹೇಗೆ ಕಂಡುಕೊಳ್ಳಬೇಕು? ಮಹಾರಾಷ್ಟ್ರದ ನಾಸಿಕ ಕಡೆಯ ಮಾರುಕಟ್ಟೆಗಳಲ್ಲಿ ಟೊಮೆಟೊ ಕ್ರೇಟನ್ನು 20 ಕೆ.ಜಿ. ಎಂದು ಲೆಕ್ಕ ಹಾಕುತ್ತಾರೆ. ಎರಡೂ ಕಡೆ ‘ಬಾಕ್ಸಿಗೆ 600’ ಎಂದು ಕೂಗಿದರೆ, ಇಲ್ಲಿಯ ಹಣ್ಣಿಗೆ ಕೆ.ಜಿ.ಗೆ 40 ರೂಪಾಯಿ, ಅಲ್ಲಿಯದಕ್ಕೆ 30. ಹೆಸರು ಒಂದೇ ಇದ್ದು ಒಳಗಿನ ತೂಕ ಬೇರೆಯಾಗಿದ್ದರೆ ಕೊಳಗದ ಕಾಲದ ತೊಡಕೇ ಮರಳಿ ಬಂದಂತಾಯಿತು.

ಇನ್ನೂ ಹತ್ತಿರಕ್ಕೆ ಹೋಗಿ ನೋಡಬೇಕು. ರೈತರೊಬ್ಬರು ತೋರಿಸಿದ ಒಂದು ಹರಾಜು ಚೀಟಿಯಲ್ಲಿ ಮೂರೇ ಅಂಕಣಗಳು ತುಂಬಿದ್ದವು: ಬಾಕ್ಸ್ 84, ದರ 310, ಒಟ್ಟು 26,040. ತೂಕದ ಅಂಕಣವೇ ಇರಲಿಲ್ಲ. ಅಲ್ಲಿ ಬಾಕ್ಸ್ ಎಂಬ ಪದವೇ ತೂಕದ ಹೊಣೆಯನ್ನೆಲ್ಲ ಹೊತ್ತುಕೊಂಡಿದೆ. ಆದರೆ ಪಾತ್ರೆಯ ಹೊರಮೈ ಒಂದೇ ಇದ್ದರೂ ಒಳಗಿನ ತೂಕ ಒಂದೇ ಆಗಿರಬೇಕೆಂದೇನೂ ಇಲ್ಲ. ಒಂದೇ ಗಾತ್ರದ ದಪ್ಪ ಹಣ್ಣುಗಳ ನಡುವೆ ಸಂದು ಉಳಿಯುತ್ತದೆ, ಸಣ್ಣ ಹಣ್ಣು ಬೆರೆತರೆ ಸಂದು ತುಂಬಿಕೊಳ್ಳುತ್ತದೆ; ಅಂಚಿನ ಮಟ್ಟಕ್ಕೆ ತುಂಬಿದ ಬಾಕ್ಸಿಗೂ, ಮೇಲೆ ಗುಡ್ಡೆ ಮಾಡಿ ತುಂಬಿದ ಬಾಕ್ಸಿಗೂ ಬರಿಗಣ್ಣಿಗೇ ವ್ಯತ್ಯಾಸ ತಿಳಿಯುತ್ತದೆ. ಬಾಕ್ಸಿಗೆ ಒಂದೇ ಒಂದು ಕೆ.ಜಿ. ಹೆಚ್ಚಾಗಿ ಹೋಯಿತು ಎಂದುಕೊಳ್ಳಿ. 84 ಬಾಕ್ಸಿಗೆ 84 ಕೆ.ಜಿ., ಅಂದರೆ ಐದೂವರೆ ಬಾಕ್ಸಿಗೂ ಮಿಗಿಲು. ಆ ದಿನದ ದರದಲ್ಲಿ ಅದು 1,736 ರೂಪಾಯಿ. ಕಿತ್ತ ಕೂಲಿಯ ಒಂದು ಭಾಗ ಅದರಲ್ಲಿ ತೀರುತ್ತಿತ್ತು. ಕಡಿಮೆ ತುಂಬಿದರೆ ನಷ್ಟ ಕೊಂಡವನಿಗೆ. ನಾನು ಒಂದು ಕಡೆಯ ಪರವಾಗಿ ಮಾತ್ರ ಮಾತನಾಡುತ್ತಿಲ್ಲ. ಹಳೆಯ ಕಣದಲ್ಲಿ ಕೊಸರು ಎಂದು ಹೆಸರಿಟ್ಟು ಕಣ್ಣೆದುರು ಕೊಡುತ್ತಿದ್ದ ಹಿಡಿ ಕಾಳು, ಇಲ್ಲಿ ಹೆಸರಿಲ್ಲದೆ ಅಳತೆಯ ಒಳಗೇ ಸೇರಿಹೋಗುತ್ತದೆ. ನನಗೆ ಕಳವಳ ಹುಟ್ಟಿಸುವುದು ಈ ಹೆಸರಿಲ್ಲದಿರುವಿಕೆ.

ಇದು ಊಹೆಯ ತೊಂದರೆ ಎಂದು ಯಾರೂ ಭಾವಿಸಬಾರದು. ಹಿಮಾಚಲ ಪ್ರದೇಶದ ಸೇಬು ಬೆಳೆಗಾರರು ಇದೇ ತೊಂದರೆಯನ್ನು ದಶಕಗಳ ಕಾಲ ಉಂಡರು. ಅಲ್ಲಿ ಬಳಕೆಯಲ್ಲಿದ್ದ ರಟ್ಟಿನ ಪೆಟ್ಟಿಗೆಗೆ ಎರಡು ಭಾಗ. ಮೇಲಿನದು ಕೆಳಗಿನದರ ಮೇಲೆ ಜಾರುವಂತಿದ್ದುದರಿಂದ, ಬೇಕಾದರೆ ಇನ್ನೊಂದು ಪದರ ಹಣ್ಣು ಸೇರಿಸಿ ಎತ್ತರಿಸಬಹುದಿತ್ತು. ಬೆಲೆ ಮಾತ್ರ ಪೆಟ್ಟಿಗೆಯ ಲೆಕ್ಕದಲ್ಲಿ. ಪೆಟ್ಟಿಗೆ ಬೆಳೆಯುತ್ತಾ ಹೋಯಿತು, ಅದರ ಹೆಸರು ಹಾಗೆಯೇ ಇತ್ತು. ಬೆಳೆಗಾರರು ಪಟ್ಟು ಹಿಡಿದು ಕೇಳಿದ ಮೇಲೆ, ಎತ್ತರಿಸಲು ಬಾರದ ಒಂದೇ ಮಾದರಿಯ, ಸುಮಾರು 20 ಕೆ.ಜಿ. ಹಿಡಿಸುವ ಪೆಟ್ಟಿಗೆಯನ್ನು 2024ರ ಹಂಗಾಮಿನಿಂದ ಅಲ್ಲಿಯ ಸರ್ಕಾರ ಕಡ್ಡಾಯ ಮಾಡಿತು. ನಮ್ಮ ಕಾನೂನಿನ ಆಶಯವೂ ಇದೇ. 2009ರ ಕಾನೂನು ಮಾಪನಶಾಸ್ತ್ರ ಕಾಯ್ದೆಯ 11ನೆಯ ಕಲಮು, ಸರಕಿನ ಬೆಲೆಯನ್ನು ಪ್ರಮಾಣಿತ ತೂಕ, ಅಳತೆ ಅಥವಾ ಎಣಿಕೆಯ ಮಾನದಲ್ಲಿಯೇ ಹೇಳಬೇಕೆಂದು ವಿಧಿಸುತ್ತದೆ. ಬಾಕ್ಸ್ ಎಂಬ ಪದವನ್ನು ಮಾರುಕಟ್ಟೆಯಿಂದ ಓಡಿಸಬೇಕೆಂದು ನಾನು ಖಂಡಿತ ಹೇಳುವುದಿಲ್ಲ. ಅದು ನಮ್ಮ ಜನ ದುಡಿದು ಗಳಿಸಿಕೊಂಡ ಪದ. ಅದರ ಪಕ್ಕದಲ್ಲಿ, ಕೂಗುವಾಗಲೂ ಚೀಟಿಯಲ್ಲಿಯೂ, ಕೆ.ಜಿ.ಯ ಸಂಖ್ಯೆ ಇರಬೇಕು. ತಕ್ಕಡಿಯ ಮೇಲೆ ಒಂದಾದರೂ ಬಾಕ್ಸ್ ಇಟ್ಟು ತೂಗಿ, ಉಳಿದವನ್ನು ಅದಕ್ಕೆ ಹೋಲಿಸುವ ರೂಢಿ ಬೆಳೆಯಬೇಕು.

ಇಂಗ್ಲೆಂಡಿನಲ್ಲಿ ಇದಕ್ಕೆ ಒಪ್ಪುವ ಒಂದು ಹಳೆಯ ಪದ್ಧತಿ ಇದೆ, ಅದರ ಹೆಸರಿನಲ್ಲಿಯೇ ನಮ್ಮ ಪದದ ಬೇರು ಇರುವುದರಿಂದ ಹೇಳದೆ ಇರಲಾರೆ. ಅಲ್ಲಿಯ ಟಂಕಸಾಲೆ ಮುದ್ರಿಸಿದ ನಾಣ್ಯಗಳಲ್ಲಿ ಕೆಲವನ್ನು ಆರಿಸಿ ಪಿಕ್ಸ್ ಎಂಬ ಪೆಟ್ಟಿಗೆಯಲ್ಲಿ ಹಾಕಿಡುತ್ತಾರೆ. ಅನಂತರ ಅಕ್ಕಸಾಲಿಗರ ಸಂಘದವರು ಪಂಚರಾಗಿ ಕುಳಿತು ಅವುಗಳ ತೂಕವನ್ನೂ ಲೋಹದ ಶುದ್ಧತೆಯನ್ನೂ ಪರೀಕ್ಷಿಸುತ್ತಾರೆ. ಹದಿಮೂರನೆಯ ಶತಮಾನದಿಂದ ಬಂದ ಈ ಪರೀಕ್ಷೆ ಇಂದಿಗೂ ನಡೆಯುತ್ತಿದೆ. ನಾಣ್ಯ ಮುದ್ರಿಸುವವರೇ ಅದರ ತೂಕಕ್ಕೆ ಸಾಕ್ಷಿ ಹೇಳಿಕೊಂಡರೆ ಸಾಲದು ಎಂಬ ತಿಳಿವಳಿಕೆ ಅಲ್ಲಿದೆ. 2001ರವರೆಗೆ ನೂರಿಪ್ಪತ್ತು ವರ್ಷ ನೆಲದ ಆಳದಿಂದ ಚಿನ್ನ ತೆಗೆದ ನಮ್ಮ ಜಿಲ್ಲೆಯ ಜನರಿಗೆ, ಗುಲಗಂಜಿ ತೂಕದ ಬೆಲೆಯನ್ನು ಬೇರೆಯವರು ಹೇಳಿಕೊಡಬೇಕಾಗಿಲ್ಲ. ಕೆಂಪು ಹಣ್ಣಿಗೂ ಅಷ್ಟೇ ಗೌರವ ಸಲ್ಲಲಿ ಎಂಬುದು ನನ್ನ ಕೋರಿಕೆ.

ಕೊನೆಯದಾಗಿ ಅಧ್ಯಾಪಕ ಮಿತ್ರರಿಗೆ ಒಂದು ಕೆಲಸ ಒಪ್ಪಿಸುತ್ತೇನೆ. ನಮ್ಮ ಸೀಮೆಯ ಕನ್ನಡಕ್ಕೆ ಒಂದು ಪದಕೋಶ ಮಾಡುವುದಾದರೆ ಈ ಪದದ ನಮೂದು ಹೇಗಿರಬೇಕೆಂದು ಬರೆದು ತಂದಿದ್ದೇನೆ, ಓದುತ್ತೇನೆ. ‘ಬಾಕ್ಸು, ನಾಮಪದ. 1. ಮರ, ತಗಡು, ರಟ್ಟು ಅಥವಾ ಪ್ಲಾಸ್ಟಿಕ್ಕಿನ, ಸಾಮಾನ್ಯವಾಗಿ ಚೌಕಾಕಾರದ ಪಾತ್ರೆ, ಪೆಟ್ಟಿಗೆ, ಡಬ್ಬಿ. ಬಹುವಚನ: ಬಾಕ್ಸುಗಳು. 2. ಕೋಲಾರ ಮಾರುಕಟ್ಟೆಯಲ್ಲಿ ಟೊಮೆಟೊ ಅಳತೆ, 15 ಕೆ.ಜಿ. ಈ ಅರ್ಥದಲ್ಲಿ ಬಹುವಚನ ಪ್ರತ್ಯಯವಿಲ್ಲ. ಪ್ರಯೋಗ: ನೂರು ಬಾಕ್ಸು ಬಂತು, ಬಾಕ್ಸಿಗೆ ಎಷ್ಟು. 3. ಎಕರೆಯ ಇಳುವರಿಯನ್ನು ಹೇಳುವ ಮಾನ.’ ಇದು ಇನ್ನೂ ಅಪೂರ್ಣ. ಶ್ರೀನಿವಾಸಪುರದ ಮಾವಿನ ಮಂಡಿಗಳಲ್ಲಿ ಬಾಕ್ಸಿಗೆ ಯಾವ ತೂಕ, ಚಿಕ್ಕಬಳ್ಳಾಪುರದ ದ್ರಾಕ್ಷಿಯವರು ಎಷ್ಟು ಕೆ.ಜಿ.ಗೆ ಬಾಕ್ಸ್ ಎನ್ನುತ್ತಾರೆ, ಹೂವಿನವರಲ್ಲಿ ಈ ಪದ ಇದೆಯೇ, ಪ್ಲಾಸ್ಟಿಕ್ ಪಾತ್ರೆ ಬರುವ ಮೊದಲು ಮರದ ಪಟ್ಟಿಗಳ ಪೆಟ್ಟಿಗೆಗೂ ಬಿದಿರಿನ ಬುಟ್ಟಿಗೂ ನಿಮ್ಮ ಊರಿನ ಹಿರಿಯರು ಏನು ಹೇಳುತ್ತಿದ್ದರು ಎಂಬುದನ್ನು ನಿಮ್ಮ ವಿದ್ಯಾರ್ಥಿಗಳ ಕೈಯಲ್ಲಿ ಕೇಳಿಸಿ, ಹೇಳಿದವರ ಊರು ಮತ್ತು ತೂಕದ ಸಂಖ್ಯೆಯ ಸಮೇತ ಬರೆಸಿ ತನ್ನಿ. ನಾಲ್ಕನೆಯ ಅರ್ಥಕ್ಕೆ ಪುಟದಲ್ಲಿ ಜಾಗ ಬಿಟ್ಟಿದ್ದೇನೆ.